ಕತ್ತಲೆ ತೋರಿಸಿದವರು

ಕತ್ತಲೆಯನ್ನು ತೋರಿಸಲು ದೀಪ ಹಾಕಿದ ಮಹಾನುಭಾವರು ಲೋಕದಲ್ಲಿ ಒಬ್ಬರೇ ಇದ್ದಾರು. ಅವರು ಗೂಬಕ್ಕನ ಪಾಲಿಗೆ ನಿರ್ದೇಶಕರಾಗಿ ಬಂದು ವಕ್ಕರಿಸಿದ್ದರು.

ಗೂಬಕ್ಕ ಎಂಬುದು ಕಣ್ಣಿನ ಸಂಶೋಧನಾಲಯದವರು ಪ್ರೀತಿಯಿಂದ ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಆಕೆಯ ಕೆಲಸವೆಲ್ಲ ಕತ್ತಲಕೋಣೆಯಲ್ಲಿ. ಮಂಕು ಕೆಂಪು ದೀಪವೊಂದರ ಕೆಳಗೆ ಇಲಿಯ ಕಣ್ಣು ತೆಗೆದು, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಕೂರಿಸುವ ಕೈ ಅದು. ನಿರ್ದೇಶಕರ ಕೈಯೋ, ಸಹಿ ಹಾಕಲು ಮತ್ತು ಹಾರ ಹಾಕಿಸಿಕೊಂಡು ನಮಸ್ಕರಿಸಲು ಮಾತ್ರ ಏಳುತ್ತಿತ್ತು.

ಅಲ್ಲಿ ಹುಡುಕುತ್ತಿದ್ದದ್ದು ಅರೆಸ್ಟಿನ್ ಎಂಬ ಪ್ರೋಟೀನಿನ ಓಡಾಟವನ್ನು. ಬೆಳಕು ಗ್ರಹಿಸುವ ಜೀವಕೋಶಕ್ಕೆ ಹೊರಭಾಗ, ಒಳಭಾಗ ಎಂದು ಎರಡು ಪಾಲು. ಬೆಳಕು ಹಿಡಿಯುವುದು ಹೊರಭಾಗ. ಕತ್ತಲಲ್ಲಿ ಅರೆಸ್ಟಿನ್ ತನ್ನ ಪಾಡಿಗೆ ಒಳಭಾಗದಲ್ಲಿ ಬಿದ್ದುಕೊಂಡಿರುತ್ತದೆ. ಪ್ರಖರ ಬೆಳಕು ಬಿತ್ತೋ, ಕೆಲವೇ ನಿಮಿಷದಲ್ಲಿ ಹೊರಭಾಗಕ್ಕೆ ಓಡಿ, ಬೆಳಕಿಗೆ ಕೆರಳಿದ ಅಣುಗಳ ಬಾಯಿ ಮುಚ್ಚಿಸುತ್ತದೆ. ಮರಳಿ ಬರಲು ಮಾತ್ರ ನಿಧಾನ. ಬಸ್ ಓಡಿಸುವ ಗಂಡನಿಗೆ ಗೂಬಕ್ಕ ಇದನ್ನು ವಿವರಿಸಿದಾಗ ಅವನು, "ನಮ್ಮ ಕಣ್ಣೊಳಗೂ ಡ್ಯೂಟಿ ಬದಲಾವಣೆ ಇದೆ ಅನ್ನು" ಎಂದಿದ್ದ. ನಿರ್ದೇಶಕರಿಗಿಂತ ಬೇಗ ಅರ್ಥವಾಗಿತ್ತು ಅವನಿಗೆ.

ಆ ದಿನ ನಡೆದದ್ದಿಷ್ಟು. ಹಿಂದಿನ ಸಂಜೆ ಏಳಕ್ಕೆ ಗೂಬಕ್ಕ ಇಲಿಗಳನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟು, ಬಾಗಿಲಿಗೆ "ತೆರೆಯಬೇಡಿ" ಹಲಗೆ ನೇತುಹಾಕಿ ಹೋಗಿದ್ದಳು. ಬೆಳಗ್ಗೆ ಹತ್ತಕ್ಕೆ ಬಂದು ಕಣ್ಣು ತೆಗೆದಳು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರೆಸ್ಟಿನ್ನಿನ ಹಸಿರು ಹೊಳಪೆಲ್ಲ ಹೊರಭಾಗದಲ್ಲಿ! ಹದಿನೈದು ಗಂಟೆ ಕತ್ತಲಲ್ಲಿದ್ದ ಕಣ್ಣು ಹಾಗಿರಬಾರದು. ಎಲ್ಲೋ ಎಡವಟ್ಟಾಗಿದೆ, ಇನ್ನೊಮ್ಮೆ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ನಿರ್ದೇಶಕರು ಹಿಂದೆ ನಿಂತು ಇಣುಕಿದ್ದರು.

"ಬೆಳಕಿಲ್ಲದೇನೇ ಓಡಿದೆ! ಇದು ಹೊಸ ಶೋಧ!"

"ಇನ್ನೊಂದ್ಸಲ ಮಾಡಿ ನೋಡೋಣ ಸರ್."

"ಮತ್ತೆ ಮಾಡಿ ಹಾಳು ಮಾಡ್ಬೇಡ."

ವಾರದೊಳಗೆ ಉಪನ್ಯಾಸ ನಿಗದಿಯಾಯಿತು. ಆದರೆ ಒಂದು ಮುಳ್ಳಿತ್ತು. ಕಳೆದ ನಾಲ್ಕು ವರ್ಷದ ಗಾಜಿನ ಪಟ್ಟಿಗಳೆಲ್ಲ ಈ ಶೋಧವನ್ನು ಸುಳ್ಳೆನ್ನುತ್ತಿದ್ದವು, ಎಲ್ಲವೂ ಗೂಬಕ್ಕ ಸೀಳಿದವು. ನಿರ್ದೇಶಕರು ಒಂದು ಕಾಗದ ಚಾಚಿದರು: 'ಹಿಂದಿನ ಫಲಿತಾಂಶಗಳು ನನ್ನ ಕೈತಪ್ಪಿನಿಂದ ಆದವು.' ಕೆಳಗೆ ಆಕೆಯ ಹೆಸರು, ಸಹಿಗೆ ಜಾಗ. ಸಹಿ ಹಾಕದಿದ್ದರೆ ಮುಂದಿನ ತಿಂಗಳಿಂದ ಕೆಲಸವಿಲ್ಲ.

ಗೂಬಕ್ಕನಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಹೋಗಲಿ, ಗಂಡನ ಸಂಬಳದಲ್ಲಿ ಹೇಗೋ ತಳ್ಳಬಹುದು. ತನ್ನ ಕೈ ಸುಳ್ಳು ಹೇಳಿತು ಎಂದು ತಾನೇ ಬರೆದುಕೊಡುವುದೆಂದರೇನು? ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಉಪನ್ಯಾಸ ಮುಗೀಲಿ ಸರ್, ಕೊಡ್ತೀನಿ."

ಉಪನ್ಯಾಸಕ್ಕೆ ಚಿತ್ರ ಜೋಡಿಸುವ ಕೆಲಸವೂ ಆಕೆಯದೇ. ನಿರ್ದೇಶಕರು ತಮ್ಮ ಹದಿನೆಂಟು ಫೋಟೋ ಕಳಿಸಿದರು, ಅರೆಸ್ಟಿನ್ನಿನದು ಎರಡು. ಹನ್ನೆರಡನೆಯದನ್ನು ತೆರೆದ ಗೂಬಕ್ಕನ ಕೈ ಅಲ್ಲೇ ನಿಂತಿತು. ಅದೇ ಕತ್ತಲಕೋಣೆ. ಮೇಲೆ ಎರಡು ಟ್ಯೂಬ್‌ಲೈಟು, ಮೂಲೆಯಲ್ಲಿ ಫೋಟೋದವನ ಪ್ರಖರ ದೀಪ, ಮಧ್ಯದಲ್ಲಿ ಬಾಯಿ ತೆರೆದ ಕಪ್ಪು ಪೆಟ್ಟಿಗೆ. ಪಕ್ಕದಲ್ಲಿ ಮೂವರು ಅತಿಥಿಗಳಿಗೆ 'ಇದೇ ನಮ್ಮ ಕತ್ತಲೆ' ಎಂಬಂತೆ ಕೈ ತೋರುತ್ತ ನಗುತ್ತಿರುವ ನಿರ್ದೇಶಕರು. ಫೋಟೋದ ಮೂಲೆಯಲ್ಲಿ ಅಚ್ಚಾಗಿತ್ತು: ಅದೇ ದಿನ, ಬೆಳಗ್ಗೆ ಒಂಬತ್ತು ಮೂವತ್ತೆಂಟು. ಪೆಟ್ಟಿಗೆಯೊಳಗೆ ಪಾಪದ ಇಲಿಗಳು ಕಣ್ಣು ಕಿರಿದು ಮಾಡಿ ಕೂತಿದ್ದವು.

ಆಕೆ ಫೋಟೋ ಹಿಡಿದು ಅವರ ಕೋಣೆಗೆ ಹೋದಳು.

"ಸರ್, ಈ ಫೋಟೋದಲ್ಲಿ ಒಂದು ವಿಷಯ..."

"ಮುಖ ಚೆನ್ನಾಗಿ ಬಂದಿದೆಯಲ್ವಾ? ಕೊನೇಲಿ ಅದನ್ನೇ ಹಾಕು. ದೊಡ್ಡದಾಗಿ. ಒಂದು ಚೂರೂ ಕತ್ತರಿಸ್ಬೇಡ."

"ಅದಲ್ಲ ಸರ್, ಆ ದಿನ..."

"ಹೇಳಿದಷ್ಟು ಮಾಡಮ್ಮ."

ಹೇಳಿದಷ್ಟೇ ಮಾಡಿದಳು. ದೊಡ್ಡದಾಗಿ ಹಾಕಿದಳು, ಒಂದು ಚೂರೂ ಕತ್ತರಿಸಲಿಲ್ಲ.

ಸಭೆ ಕಿಕ್ಕಿರಿದಿತ್ತು. ನಿರ್ದೇಶಕರು ಮುಕ್ಕಾಲು ಗಂಟೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಅಂದಿನ ದಿನಾಂಕ ಹೇಳಿದರು, ಹದಿನೈದು ಗಂಟೆಯ ಕಡುಗತ್ತಲೆ ಎಂದರು, ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಕಣ್ಣು ತೆಗೆದೆವು ಎಂದರು. ಆ 'ತೆಗೆದೆವು' ಕೇಳಿ ಹಿಂದಿನ ಸಾಲಿನಲ್ಲಿದ್ದ ಗೂಬಕ್ಕನಿಗೆ ನಗು ಬಂತು.

"ಇತಿಹಾಸ ಸೃಷ್ಟಿಯಾದ ಕೋಣೆ ಇದು," ಎಂದು ಕೊನೆಯ ಚಿತ್ರ ತೋರಿಸಿದರು.

ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೋಲೂರಿ ಎದ್ದರು. ಆಯುಷ್ಯವನ್ನೆಲ್ಲ ಇಂಥ ಜೀವಕೋಶಗಳಲ್ಲೇ ಸವೆಸಿದ ವಿಜ್ಞಾನಿ.

"ಈ ಫೋಟೋ ಯಾವಾಗ ತೆಗೆದಿದ್ದು?"

"ಅದೇ ದಿನ ಮೇಡಂ! ಕಣ್ಣು ತೆಗೆಯೋಕೆ ಸ್ವಲ್ಪ ಮುಂಚೆ," ಎಂದರು ನಿರ್ದೇಶಕರು ಹೆಮ್ಮೆಯಿಂದ.

"ಎಷ್ಟು ಹೊತ್ತು ತೆರೆದಿಟ್ಟಿದ್ರಿ ಪೆಟ್ಟಿಗೇನ?"

"ಒಂದು ಇಪ್ಪತ್ತು ನಿಮಿಷ. ಅತಿಥಿಗಳಿಗೆ ಕತ್ತಲೆ ತೋರಿಸ್ಬೇಕಿತ್ತಲ್ಲ..."

ಮಾತು ಬಾಯಿಂದ ಜಾರಿದ ಮೇಲೆ ಅದರ ಅರ್ಥ ಅವರ ತಲೆಗೆ ಹೋಯಿತು. ಅರೆಸ್ಟಿನ್ನೇ ಅದಕ್ಕಿಂತ ಚುರುಕು. ಸಭೆ ಬಿದ್ದು ಬಿದ್ದು ನಕ್ಕಿತು. ಮುದುಕಿ ನಗದೆ ಕೂತರು.

ಸಭೆ ಖಾಲಿಯಾದಾಗ ನಿರ್ದೇಶಕರು ವೇದಿಕೆಯ ಮೇಲೆ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು. ಗೂಬಕ್ಕ ಚೀಲದಿಂದ ಮಡಚಿದ ಕಾಗದ ತೆಗೆದು ಅವರ ಮುಂದೆ ಬಿಡಿಸಿಟ್ಟಳು, ಪಕ್ಕದಲ್ಲಿ ಪೆನ್ನನ್ನೂ ಇಟ್ಟಳು.

"ಕೈತಪ್ಪು ಅಂತ ನೀವೇ ಚೆನ್ನಾಗಿ ಬರೆದಿದ್ದೀರಿ ಸರ್. 'ಹಿಂದಿನ' ಅನ್ನೋದನ್ನ 'ಹೊಸ' ಅಂತ ಮಾಡಿ, ಹೆಸರೂ ಬದಲಾಯಿಸಿ, ಸಹಿ ಹಾಕಿ."