ಹಳಬರ ಹೊಲದಲ್ಲಿ ಒಂಬತ್ತನೆಯದು

ನಮ್ಮ ಅತ್ತೆಯ ಸಮಾಧಿ ಉಪಗ್ರಹದ ಚಿತ್ರದಲ್ಲಿ ಬಿತ್ತು. ಅದಕ್ಕೆ ಎರಡೂವರೆ ಸಾವಿರ ವರ್ಷ ಎಂದು ಮೈಸೂರಿನವರು ಲೆಕ್ಕ ಹಾಕಿದರು. ಅತ್ತೆ ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

ಅಂತರಸಂತೆಯಿಂದ ಒಳಗೆ, ಕಾಡಂಚಿನಲ್ಲಿ ನಮ್ಮ ಹೊಲ. ಊರವರು ಅದನ್ನು ಹಳಬರ ಹೊಲ ಎನ್ನುತ್ತಾರೆ. ದೊಡ್ಡ ಗುಂಡುಕಲ್ಲುಗಳನ್ನು ಬಳೆಯ ಹಾಗೆ ಸುತ್ತ ಇಟ್ಟ ಎಂಟು ಸಮಾಧಿಗಳು ಅಲ್ಲಿ ಸಾಲಾಗಿವೆ. ಯಾರವೋ, ಯಾವ ಕಾಲದವೋ. ನಾವು ಅವನ್ನು ಬಿಟ್ಟು ಸುತ್ತ ಉಳುತ್ತೇವೆ.

ಅತ್ತೆ ಕುಳ್ಳಮ್ಮ ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಎಡೆ ಇಟ್ಟ ಮೇಲೆ ಎಂಟು ಮುತ್ತುಗದ ಎಲೆ ತೆಗೆದುಕೊಂಡು ಹೊಲಕ್ಕೆ ಹೊರಡುತ್ತಿದ್ದರು. ಒಂದೊಂದು ಬಳೆಯೊಳಗೂ ಒಂದೆಲೆ, ಮುದ್ದೆ, ಬಾಡಿನ ಸಾರು. “ಅವ್ರಿಗೆ ಇಕ್ಕೋರು ಯಾರವ್ರೆ?” ಎನ್ನುವರು. ಸೊಸೆಗೆ ಸಾರು ಸಾಲದೆ ಹೋದರೂ ಹಳಬರಿಗೆ ಯಾವತ್ತೂ ಸಾಲುತ್ತಿತ್ತು.

“ನನ್ನೂ ಅಲ್ಲೇ ಮಡುಗಿ. ಇಷ್ಟು ವರ್ಸ ಇಕ್ಕಿವ್ನಿ, ಒಂದೀಟು ಜಾಗ ಕೊಡಾಕಿಲ್ವಾ?” ಎಂದಿದ್ದರು. ಅಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಮಣ್ಣು ಗುಡ್ಡೆ ಮಾಡಿ, ಮೇಲೆ ಮುಳ್ಳು ಮುಚ್ಚಿ ಸುಮ್ಮನಾಗುತ್ತಾರೆ. ಮಾವ ಹುಚ್ಚಯ್ಯ ಸುಮ್ಮನಾಗಲಿಲ್ಲ. ಹಳ್ಳದಿಂದ ಗಾಡಿಯಲ್ಲಿ ಗುಂಡುಕಲ್ಲು ತರಿಸಿ, ಆ ಎಂಟರ ಪಕ್ಕ ಒಂಬತ್ತನೆಯ ಬಳೆ ಮಾಡಿಸಿದರು. ಗಾಡಿಯ ಅಚ್ಚು ಮುರಿಯಿತು. ಊರು ನಕ್ಕಿತು. ಕಲ್ಲು ಉರುಳಿಸಿದವರು ನನ್ನ ಗಂಡ ಲಿಂಗರಾಜು ಮತ್ತು ನಾನು. ನನ್ನ ಸೊಂಟ ಅದನ್ನು ಇವತ್ತಿಗೂ ಮರೆತಿಲ್ಲ.

ಅದಾಗಿ ಮೂರನೆಯ ಬೇಸಿಗೆಗೆ ಕಾಲುವೆಯ ಅಳತೆಯವರು ಬಂದರು. ಹೊಲದ ಮೂಡಲ ಅಂಚಿನಲ್ಲಿ ಕೆಂಪು ಗೂಟ ಹೊಡೆದರು. ಎಂಟು ಹಳಬರು ಬಚಾವು. ಅತ್ತೆ ಮಾತ್ರ ಕಾಲುವೆಯ ನಟ್ಟನಡುವೆ. ಮಾವ ಹೋಗಿ ಕೈಮುಗಿದರೆ, “ಬೇರೆ ಕಡೆ ಮಾಡ್ಕೊಳ್ಳಿ ಯಜಮಾನ್ರೆ, ಪರಿಹಾರ ಬರುತ್ತೆ” ಎಂದರಂತೆ. ಮಾವ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಮಾತು ಬಿಟ್ಟರು, ಊಟ ಅರ್ಧ ಮಾಡಿದರು. ಅವರನ್ನು ನೋಡಿದರೆ ನನಗೆ ಕನಿಕರವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹಾಗಿರುವಾಗ ಮೈಸೂರಿನಿಂದ ಜೀಪಿನಲ್ಲಿ ರಾಧಾ ಮೇಡಂ ಬಂದರು. ಹಳೆಯ ಕಾಲದ ಸಮಾಧಿಗಳನ್ನು ಹುಡುಕುವುದು ಅವರ ಕೆಲಸ. ಹುಡುಕುವುದಕ್ಕೆ ಊರೂರು ಅಲೆಯುತ್ತಿರಲಿಲ್ಲ, ಉಪಗ್ರಹ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿಕೊಂಡು ನೇರ ಬರುತ್ತಿದ್ದರು. ಜೀಪಿನ ಬಾನೆಟ್ಟಿನ ಮೇಲೆ ಚಿತ್ರ ಹರಡಿದರು. ಕಾಡು, ಹಳ್ಳ, ನಮ್ಮ ಹೆಂಚು, ಎಲ್ಲ ಇತ್ತು. ಒಣಗಹಾಕಿದ ನನ್ನ ಸೀರೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

“ನೋಡಿ, ಒಂಬತ್ತು. ಸರ್ಕಾರಕ್ಕೆ ಬರೆದು ಗಡಿ ಹಾಕಿಸ್ತೀನಿ. ಆಮೇಲೆ ಅದರೊಳಗೆ ಯಾರೂ ಅಗೆಯೋ ಹಾಗಿಲ್ಲ.”

ಮಾವ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು. “ಕಾಲ್ವೆಯೋರೂವೆ?”

“ಯಾರೂ.”

“ಒಂಬತ್ತೂ ಸೇರ್ಸಿ?”

“ಒಂಬತ್ತೂ.”

ಏನೋ ಹೇಳಲು ಬಾಯಿ ತೆರೆದ ಲಿಂಗರಾಜು, ಅಪ್ಪನ ಮುಖ ನೋಡಿ ಮುಚ್ಚಿಕೊಂಡರು. ಎಂಟೇ ಎಂದರೆ ಗಡಿ ಎಂಟಕ್ಕೇ ನಿಲ್ಲುತ್ತಿತ್ತು, ಕಾಲುವೆ ಅತ್ತೆಯ ಮೇಲೆ ಹರಿಯುತ್ತಿತ್ತು.

ಮೇಡಂ ಪೊದೆ ಸರಿಸಿ ಒಂಬತ್ತನೆಯದನ್ನು ನೋಡಿದರು. ಮುಖ ಅರಳಿತು. “ಒಂದು ಕಲ್ಲೂ ಕದಲಿಲ್ಲ! ಕಟ್ಟಿದವರಿಗೆ ಕೆಲಸ ಗೊತ್ತಿತ್ತು.” ನಾನು ಸೊಂಟ ಹಿಡಿದುಕೊಂಡೆ. “ಉಳಿದವಕ್ಕಿಂತ ಚಿಕ್ಕದು. ಒಳಗಿರೋ ವ್ಯಕ್ತಿ ಎಂಥವರೋ!”

“ಕುಳ್ಳಗಿದ್ದಿರ್ಬೇಕು” ಎಂದರು ಮಾವ.

ಅವತ್ತು ಎರಡು ಮುದ್ದೆ ಉಂಡರು.

ಕಾಲುವೆಯ ಕೆಲಸ ನಿಂತಿತು. ಆದರೆ ಗಡಿ ಹಾಕುವ ಮೊದಲು ಒಂದನ್ನು ಅಗೆದು ಅದರ ಕಾಲ ಖಾತ್ರಿ ಮಾಡಬೇಕಂತೆ. ಮಳೆ ಕಳೆದ ಮೇಲೆ ಮೇಡಂ ಆಳುಗಳೊಂದಿಗೆ ಬಂದು, ಚೆನ್ನಾಗಿ ಉಳಿದಿರುವುದು ಅದೇ ಎಂದು ಒಂಬತ್ತನೆಯದರ ಸುತ್ತಲೇ ದಾರ ಕಟ್ಟಿಸಿದರು. ಆಳುಗಳಲ್ಲೊಬ್ಬ, ಮಂಚಯ್ಯ, ಗುದ್ದಲಿ ಎತ್ತಿದ. ಮಾವ ಹೋಗಿ ಬಳೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತರು.

“ಏಳಿ ತಾತ, ಕೆಲಸ ಮಾಡ್ಬೇಕು.”

“ಬ್ಯಾಡ ಕಣವ್ವ. ಒಳ್ಗೆ ನಮ್ಮನೆಯೋಳು ಮನ್ಗವ್ಳೆ.”

ಮೇಡಂ ಒಂದು ಕಲ್ಲಿನ ಮೇಲೆ ಕೂತರು. ಆಮೇಲೆ ಏನೋ ಹೊಳೆದು, ಅಲ್ಲಿಂದ ಎದ್ದು ನೆಲದ ಮೇಲೆ ಕೂತರು. “ನನಗೆ ಸುಳ್ಳು ಹೇಳಿದ್ರಾ?” ಎಂದರು.

“ನೀನು ಕೇಳ್ನಿಲ್ಲ. ಮ್ಯಾಲಿಂದ ಎಣಿಸ್ಕೊಂಡು ಬಂದೆ.”

“ಹೀಗೆ ಕಟ್ಟೋಕೆ ಯಾರು ಹೇಳಿಕೊಟ್ರು?”

“ಯಾರು ಯೋಳ್ಬೇಕು? ಆ ಎಂಟೂ ಇಂಗೇ ಅವಲ್ಲ. ಇವಳ್ದೊಂದು ಬ್ಯಾರೆ ಥರ ಇದ್ರೆ ಚೆಂದಾಗಿರ್ತದಾ?”

ಮೇಡಂ ಪುಸ್ತಕ ತೆಗೆದು ಪೆನ್ನು ಬಿಚ್ಚಿದರು. ನನಗೆ ತಡೆಯಲಾಗಲಿಲ್ಲ. “ಬರೀರಿ, ಎಂಟು ಅಂತಲೇ ಬರೀರಿ! ಆ ಎಂಟಕ್ಕೂ ಎಡೆ ಇಕ್ಕಿ ಕಾಪಾಡ್ದೋಳು ಇವ್ಳು. ಇವ್ಳ ಮ್ಯಾಲೆ ನೀರು ಬುಡ್ಲಿ. ಈಗ ನಾನು ಒಂಬತ್ತೆಲೆ ಇಕ್ತಿವ್ನಿ, ಇಲ್ಲಿ ಹಳಬ್ರು ಹೊಸಬ್ರು ಅಂತ ನಾವು ಯಾವತ್ತೂ ಬ್ಯಾರೆ ಮಾಡಿಲ್ಲ ಕಣ್ರೀ” ಎಂದು ಕೂಗಾಡಿದೆ. ಕೂಗುತ್ತಾ ಕೂಗುತ್ತಾ ಅಳು ಬಂತು. ಸಾರು ಉಳಿಸದ ಅತ್ತೆಗಾಗಿ ನಾನು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮೇಡಂ ಎದ್ದು ದಾರ ಬಿಚ್ಚಿಸಿದರು. ಎರಡನೆಯದರ ಒಂದು ಬದಿ ಅಗೆಸಿದರು. ಕಪ್ಪು, ಕೆಂಪು ಮಡಕೆಯ ಚೂರು ಸಿಕ್ಕವು. ಮೇಡಂ ಅವನ್ನು ಚೀಲಕ್ಕೆ ತುಂಬಿಕೊಂಡು ಜೀಪು ಹತ್ತಿದರು.

ಗಡಿ ಹಾಕುವ ದಿನ ಮೇಡಂ ಚಿತ್ರ ಹಿಡಿದು ಹೊಲದ ಮೂಡಲಲ್ಲಿ ನಿಂತರು. “ಚಿತ್ರದಲ್ಲಿ ಒಂಬತ್ತಿದೆ. ನಾನು ಎಂಟು ಅನ್ನೋಕಾಗುತ್ತಾ?” ಎಂದು ಯಾರಿಗೂ ಅಲ್ಲದಂತೆ ಹೇಳಿ, ಒಂಬತ್ತನೆಯದರ ಆಚೆ ಬೆರಳು ತೋರಿಸಿದರು. ಮಂಚಯ್ಯ ಅಲ್ಲಿ ಗಡಿಕಲ್ಲು ಇಳಿಸಿದ.

“ಇನ್ನೊಂದೀಟು ಆಚೆ ನೆಡ್ಲಾ” ಎಂದರು ಮಾವ.

“ಯಾಕೆ ತಾತ?”

“ಅವಳ ಪಕ್ಕ ಜಾಗ ಬ್ಯಾಡ್ವಾ?”

“ಗಡಿ ಒಳಗೆ ಅಗೆಯೋ ಹಾಗಿಲ್ಲ ತಾತ. ಕಾನೂನು.”

“ನಾನೆಲ್ಲಿ ಅಗೀತೀನಿ? ಅವತ್ತು ನನ್ನ ಮಗ ಅಗೀತಾನೆ.”

ಮೇಡಂ ಬಹಳ ಹೊತ್ತು ಆಕಾಶ ನೋಡಿದರು. ಆಮೇಲೆ ಮಂಚಯ್ಯನಿಗೆ, “ಇನ್ನೂ ಆಚೆ” ಎಂದರು. ಕಾಲುವೆ ಈಗಲೂ ಅಲ್ಲಿ ಡೊಂಕಾಗಿ ಹೋಗುತ್ತದೆ. ಕೇಳಿದವರಿಗೆ ಕಾಲುವೆಯವರು ಕೆಳಗೆ ಬಂಡೆ ಇದೆ ಎನ್ನುತ್ತಾರೆ.

ಎರಡು ವರ್ಷದ ಮೇಲೆ, ಹತ್ತಿ ಬಿಡಿಸುವ ಕಾಲದಲ್ಲಿ ಮಾವ ಹೋದರು. ಮಲಗಿದಲ್ಲೇ ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟಿದ್ದು ಕಲ್ಲುಗಳು. ಟ್ರ್ಯಾಕ್ಟರ್ ಇದ್ದರೂ ಉರುಳಿಸುವುದಕ್ಕೆ ನಾನೇ ಬೇಕಾಯಿತು. ಬಳೆ ಅತ್ತೆಯದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಬಂತು. ಮೇಡಂಗೆ ತಿಳಿಸಬೇಕೆಂದುಕೊಂಡೆವು, ಕಾನೂನಿಗೆ ಹೆದರಿ ಸುಮ್ಮನಾದೆವು.

ಮುಂದಿನ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿದರು.

“ಭಾಗ್ಯಮ್ಮ, ತಾತ ಹೋದ್ರಾ?”

“ನಿಮ್ಗೆ ಯಾರು ಹೇಳಿದ್ರು ಮೇಡಂ?”

“ಹೊಸ ಚಿತ್ರ ಬಂದಿದೆ. ಹತ್ತು ಕಾಣ್ತಿದೆ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು.

“ಮೊದಲು ಒಂಬತ್ತಿತ್ತಲ್ಲ ಅಂತ ಇಲ್ಲಿ ಆಫೀಸಿನಲ್ಲಿ ಕೇಳಿದ್ರು” ಎಂದರು. “ಆಗ ಮೋಡ ಇತ್ತು ಅಂದೆ.”

ಅಮಾವಾಸ್ಯೆಗೆ ಬರುತ್ತೇನೆಂದರು, ಬಂದರು. ಐದೆಲೆ ಅವರು ಹೊತ್ತರು, ಐದೆಲೆ ನಾನು ಹೊತ್ತೆ.