ಎಸ್ತರ್ ಟೀಚರ ಮಹಡಿ ಮನೆ

ಭಾನುವಾರದೊಳಗೆ ಚೆನ್ನೈಯಲ್ಲಿ ಮನೆ ಸಿಗದಿದ್ದರೆ ಗಂಡನನ್ನು ಇಲ್ಲೇ ಬಿಟ್ಟು ನಾನೂ ಮಗಳು ಬಿಂದುವೂ ಗದಗಿಗೆ ವಾಪಸ್. ನಾವು ಇಳಿದುಕೊಂಡಿದ್ದ ಕೋಡಂಬಾಕ್ಕಂ ಮನೆಯ ಜಯಲಕ್ಷ್ಮೀ ಅತ್ತಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅವರ ಮಗಳು ಹೆರಿಗೆಗೆ ಬರುವವಳಿದ್ದಳು, ನಾವು ಮಲಗುತ್ತಿದ್ದದ್ದು ಅವಳ ಕೋಣೆಯಲ್ಲಿ. ಬಿಂದು ಹುಟ್ಟಿದಾಗಿನಿಂದ ಮೂವರೂ ಒಂದೇ ಸೂರಿನಡಿ ಇದ್ದದ್ದೇ ಇಲ್ಲ. ನನ್ನವರ ವಿಮೆ ಆಫೀಸು ಊರೂರು ವರ್ಗ ಮಾಡಿ ಇವರನ್ನು ಮಗಳ ಪಾಲಿಗೆ ನೆಂಟನನ್ನಾಗಿ ಮಾಡಿಬಿಟ್ಟಿತ್ತು. ಇವರು ಚೀಲ ಹೆಗಲಿಗೇರಿಸಿದರೆ ಸಾಕು, ಬಿಂದು ಕೇಳುತ್ತಿದ್ದಳು, "ಅಪ್ಪಾ, ಮತ್ತ ಯಾವಾಗ ಬರ್ತೀ?"

ಚೆನ್ನೈಯಲ್ಲಿ ನಾವು ಮನೆ ನೋಡುವುದಲ್ಲ, ಮನೆಯವರು ನಮ್ಮನ್ನು ನೋಡುವುದು. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ವಡಪಳನಿಯಲ್ಲಿ ಜಾತಿ ಕೇಳಿದರು. ಲಿಂಗಾಯತರು ಅಂದೆವು. ಅದೇನೆಂದು ಅವರಿಗೆ ತಿಳಿಯಲಿಲ್ಲ, ಬಾಗಿಲು ಹಾಕಿಕೊಳ್ಳಲು ಅಷ್ಟೇ ಸಾಕಾಯಿತು. ಕೊನೆಗೆ ಬ್ರೋಕರ್ ಸದಾನಂದ ತಮಿಳು ಬಾರದ ಇವರಿಗೆ ಆ ಭಾಷೆಯಲ್ಲಿ ಒಂದು ಮಾತು ಬಾಯಿಪಾಠ ಮಾಡಿಸಿದ. ನಾವು ಶುದ್ಧ ಸಸ್ಯಾಹಾರಿಗಳು, ಮಾಂಸ ತಿನ್ನುವವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದು. "ಅವ್ರು ಕೇಳೋ ಮುಂಚೇನೇ ಹೇಳ್ಬಿಡಿ ಸಾರ್," ಅಂದ.

ನನಗೆ ಮೈ ಉರಿಯಿತು. ಗದಗಿನಲ್ಲಿ ಖಾದರಸಾಬರ ಕಟ್ಟೆಯ ಮೇಲೆ ಚಹಾ ಕುಡಿದು ಬೆಳೆದವರು ಇವರು. ಆದರೂ, ಮನೆ ಬೇಕಿತ್ತಲ್ಲ.

ಭಾನುವಾರ ಬೆಳಗಾಗುತ್ತಲೇ ಅತ್ತಿಗೆಯ ಮಗಳು ಬಂದಿಳಿದಳು. ಆ ಗದ್ದಲದಲ್ಲಿ ಬಚ್ಚಲು ಖಾಲಿಯಾಗಲಿಲ್ಲ. ಇವರ ಸ್ನಾನ ತಪ್ಪಿತು, ಲಿಂಗಪೂಜೆಯೂ ತಪ್ಪಿತು. ಪೂಜೆಯಾಗದೆ ಇವರು ಹನಿ ನೀರು ಮುಟ್ಟುವವರಲ್ಲ. "ಮನಿ ಸಿಕ್ಕಮ್ಯಾಲೆ ಅಲ್ಲೇ ಪೂಜಿ ಮಾಡ್ತೀನಿ ತಗೋ," ಎಂದು ಸದಾನಂದ ಹೇಳಿದ ಮನೆ ನೋಡಲು ಒಣಬಾಯಲ್ಲೇ ನಮ್ಮೊಂದಿಗೆ ತಾಂಬರಂ ಗಾಡಿ ಹತ್ತಿದರು.

ಆ ಬೀದಿಯನ್ನು ಕಂಡಕೂಡಲೇ ನನ್ನ ಜೀವ ಹಗುರಾಯಿತು. ಮೂಲೆಯಲ್ಲಿ ಪಿಳ್ಳೈಯಾರ್ ಅಂದರೆ ನಮ್ಮ ಗಣಪನ ಗುಡಿ, ಎದುರಿಗೆ ಮುಸಲ್ಮಾನ ಭಾಯಿಯವರ ಟೈಲರಿಂಗ್ ಅಂಗಡಿ, ಅದರಾಚೆ ಚರ್ಚು. ತೆಲುಗಿನ ರೈಲ್ವೆಯವರೂ ಇದ್ದರು, ಮಲಯಾಳಿ ನರ್ಸೂ ಇದ್ದಳು. ಯಾರೂ ಯಾರ ಪೈಕಿಯೂ ಅಲ್ಲದ ಕಡೆ ನಾವೂ ಇರಬಹುದು ಅನ್ನಿಸಿತು. ನಾವು ಗೇಟು ತೆಗೆಯುವಷ್ಟರಲ್ಲಿ ಬಿಂದು ಅಲ್ಲಿನ ಹುಡುಗಿಯರ ಜೊತೆ ಕುಂಟಾಬಿಲ್ಲೆಗೆ ಇಳಿದಿದ್ದಳು.

ಮನೆಯೊಡತಿ ಎಸ್ತರ್ ಟೀಚರು ಮಹಡಿ ತೋರಿಸಿದರು. ಎರಡು ಕೋಣೆ, ಗಾಳಿ, ಬೆಳಕು. ಜಾತಿ ಕೇಳಲಿಲ್ಲ, ಊಟ ಕೇಳಲಿಲ್ಲ. ಕೆಳಗಿಳಿದಾಗ ಬೆವರಿ ಓಡಿಬಂದ ಬಿಂದುವಿಗೆ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟು, ಯಾವಾಗ ಬರುತ್ತೀರಿ ಎಂದರು.

ಇವರಿಗೆ ಅದು ನಂಬಲಾಗಲಿಲ್ಲವೇನೋ. ಎಲ್ಲರೂ ಕೇಳುವುದನ್ನು ಈಕೆ ಇನ್ನೂ ಕೇಳಿಲ್ಲ, ಕೇಳಿದರೆ ಕೆಟ್ಟೆವು ಎಂಬ ಹೆದರಿಕೆ. ಕೈಕಟ್ಟಿ ನಿಂತು ಪಾಠ ಒಪ್ಪಿಸಿಯೇಬಿಟ್ಟರು. "ನಾಂಗ ಸುದ್ದ ಸೈವಂ. ಕರಿ ಸಾಪ್ಪಿಡ್ರವಂಗ ವೀಟ್ಲ ತಣ್ಣಿ ಕೂಡ ಕುಡಿಕ್ಕ ಮಾಟ್ಟೋಂ."

ಒಳಗೆ ಮೀನು ಹುರಿಯುವ ವಾಸನೆ ಬರುತ್ತಿತ್ತು.

ಟೀಚರ ಮುಖ ಇಳಿಯಿತು. "ಅಪ್ಪೊ ಇಂಗೆ ಕಷ್ಟಂ ಸಾರ್," ಅಂದರು, ಹಾಗಾದರೆ ಇಲ್ಲಿ ಕಷ್ಟ ಎಂದು.

"ಅಲ್ರೀ ಟೀಚರ್, ಅದು ಯಾರೋ ಕಲಿಸಿದ ಮಾತ್ರೀ, ನಮ್ಮದಲ್ರೀ!" ಎಂದೆ. ನನ್ನ ಕನ್ನಡ ಅವರಿಗೆಲ್ಲಿ ತಿಳಿಯಬೇಕು? ಬಿಂದುವಿನ ಕೈಯಿಂದ ಲೋಟ ಕಿತ್ತುಕೊಂಡು, ಅವರ ಕಣ್ಣೆದುರೇ ಗಟಗಟ ಕುಡಿದೆ. ನೀರು ಸೀರೆಯ ಮೇಲೆಲ್ಲ ಚೆಲ್ಲಿತು. ನಾಚಿಕೆಯಾಗಲಿಲ್ಲ.

ಅವರು ನನ್ನನ್ನೇ ನೋಡಿದರು. ಒಳಗೆ ಹೋಗಿ ಲೋಟ ಮತ್ತೆ ತುಂಬಿ ತಂದರು. ಈ ಸಲ ಇವರ ಮುಂದೆ ಹಿಡಿದರು.

ಇವರ ತುಟಿ ಒಣಗಿ ಬಿರಿದಿತ್ತು. ಕೈ ಲೋಟದ ಕಡೆಗೆ ಎದ್ದಿತು. ಅರ್ಧದಲ್ಲೇ ತಿರುಗಿ, ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ನಿಂತಿತು.

"ರೀ, ಒಂದ್ ಗುಟುಕು... ನಿಮ್ಮ ಕಾಲಿಗೆ ಬೀಳ್ತೀನಿ," ಅಂದೆ.

"ಪೂಜಿ ಆಗಿಲ್ಲ, ಉಮಾ," ಅಂದರು. ಕಣ್ಣಲ್ಲಿ ನೀರಿತ್ತು.

ಟೀಚರು ಆ ನೀರನ್ನು ತುಳಸಿ ಗಿಡಕ್ಕೆ ಸುರಿದು ಒಳಗೆ ಹೋದರು. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು.

ವಾಪಸು ಗಾಡಿ ಹತ್ತಿದೆವು. ಗದಗಿಗೆ ಹೋಗುವುದನ್ನು ಬಿಂದುವಿಗೆ ನಾವಿನ್ನೂ ಹೇಳಿರಲಿಲ್ಲ. ಕೋಡಂಬಾಕ್ಕಂ ಬಂತು. ಇವರು ಎದ್ದು ಚೀಲ ಹೆಗಲಿಗೇರಿಸಿದರು. ಅವಳು ಇವರ ಅಂಗಿಯ ತುದಿ ಹಿಡಿದುಕೊಂಡಳು.

"ಅಪ್ಪಾ, ಮತ್ತ ಯಾವಾಗ ಬರ್ತೀ?"