ಕೊನೆಯ ಅಂಕದ ಕಿಟಕಿ

ಅವನು ಅಮ್ಮನ ಉಬ್ಬಸದ ಪಂಪನ್ನು ಬಿಚ್ಚಿ, ಅದರ ಮೂತಿಯನ್ನು ನಲ್ಲಿಯ ಕೆಳಗೆ ಹಿಡಿದ. ಒಳಗೆ ಕಟ್ಟಿದ್ದ ಬಿಳಿ ಪುಡಿಯನ್ನು ಹಳೆಯ ಬ್ರಷ್ಷಿನಿಂದ ಕೆರೆದ. ಒರೆಸಿ, ಒಣಗಲೆಂದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೋರಲು ಇಟ್ಟ. ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ನಾನು ಬರಲೇಬೇಕಾ?" ಎಂದಳು ಕೊನೆಗೆ.

"ಹತ್ತು ನಿಮಿಷ ಅಷ್ಟೆ."

"ಹೋದ ಸಲಾನೂ ಹತ್ತು ನಿಮಿಷ ಅಂತಾನೇ ಅಂದಿದ್ದೆ."

"ಅಪ್ಪ ಇದ್ದಿದ್ರೆ ನೂರು ವರ್ಷ ಅಮ್ಮ ಇವತ್ತಿಗೆ."

"ಅವರಿಗೆ ನೂರು. ನಂಗೆಷ್ಟು ಹೇಳು."

ಅವನಿಗೆ ತಟ್ಟನೆ ಹೊಳೆಯಲಿಲ್ಲ. ಅಪ್ಪನ ಹನ್ನೊಂದು ನಾಟಕಗಳು ಮೊದಲು ರಂಗಕ್ಕೇರಿದ ತಾರೀಖುಗಳೆಲ್ಲ ಬಾಯಿಪಾಠವಾಗಿದ್ದವು. ಹೊರಗೆ ಕಾರಿನ ಹಾರನ್ ಕೇಳಿದ್ದೇ ಒಳ್ಳೆಯದಾಯಿತು.

ಹನ್ನೊಂದರಲ್ಲಿ ಒಂದು ನಾಟಕ ಸಾಯಲೇ ಇಲ್ಲ. ಅದರ ಕೊನೆಯ ಅಂಕದಲ್ಲಿ ಹೆಂಡತಿ ಹೇಳುತ್ತಾಳೆ: "ಕಿಟಕಿ ತೆಗೀರಿ, ಉಸಿರು ಕಟ್ತಿದೆ." ಆ ಮಾತಿಗೆ ದೀಪ ಆರಬೇಕು, ಸಭಿಕರು ಎದ್ದು ನಿಲ್ಲಬೇಕು, ನಲವತ್ತು ವರ್ಷದ ರೂಢಿ. ಈಗ ಅದನ್ನು ತುಂಬಿದ ಬಸ್ಸಿನಲ್ಲಿ ಹೇಳುತ್ತಾರೆ, ಪತ್ರಿಕೆಯ ತಲೆಬರಹದಲ್ಲಿ ಹಾಕುತ್ತಾರೆ. ಕಾಲೇಜಿನಲ್ಲಿ ಅವನ ಪಾಠ ಎಳೆದಾಗ ಹಿಂದಿನ ಬೆಂಚಿನಿಂದ ಯಾರೋ ಅನ್ನುತ್ತಾರೆ, "ಸಾರ್, ಕಿಟಕಿ ತೆಗೀರಿ." ಅವನೂ ನಗುತ್ತಾನೆ. ಆಮೇಲೆ ಕಿಟಕಿಗೆ ಮೂರು ಅರ್ಥ ಬರೆಸುತ್ತಾನೆ. ಪರೀಕ್ಷೆಯಲ್ಲಿ ಒಂದೊಂದಕ್ಕೆ ಎರಡೆರಡು ಅಂಕ.

ಆ ಮಾತನ್ನು ಮೊದಲು ಆಡಿದ್ದು ಅಮ್ಮ. ಅಪ್ಪನ ಕೋಣೆಯಲ್ಲಿ, ಬಾಗಿಲ ಚೌಕಟ್ಟು ಹಿಡಿದುಕೊಂಡು. ಕಾಗದ ಹಾರುತ್ತದೆಂದು ಅಲ್ಲಿ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಅಪ್ಪ ತಲೆಯೆತ್ತಿ ನೋಡಿ, ತಾಳು ಎಂಬಂತೆ ಒಂದು ಬೆರಳು ಎತ್ತಿ, ಬರೆಯತೊಡಗಿದ. ಅಪ್ಪ ಬರೆಯುವಾಗ ಯಾರೂ ಅಲ್ಲಾಡಬಾರದು. ಒಂಬತ್ತು ವರ್ಷದ ಅವನೂ ಅಲ್ಲಾಡದೆ, ಲೇಖನಿ ನಿಲ್ಲಲಿ ಎಂದು ಕಾದ.

ಅಪ್ಪನ ನಾಟಕಗಳ ಮೇಲೆ ಅವನು ಬರೆದ ಸಂಶೋಧನಾ ಪ್ರಬಂಧದಲ್ಲಿ ಇದು ಇಲ್ಲ.

ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದಿದ್ದರು. ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ಶತಮಾನೋತ್ಸವ ನಡೆಸುತ್ತಿದ್ದ ನಾಟಕ ಸಂಘದ ಕಾರ್ಯದರ್ಶಿ ಬಾಗಿಲಲ್ಲೇ ಅಮ್ಮನ ಕೈಹಿಡಿದ.

"ಅಮ್ಮಾವ್ರೇ, ನೀವೂ ನಾಲ್ಕು ಮಾತಾಡ್ಬೇಕು."

"ನಂದೇನಿದೆಯಪ್ಪ. ಮಾತೆಲ್ಲ ಅವರೇ ತಗೊಂಡ್ರಲ್ಲ."

"ನೋಡಿ, ನಾಟಕಕಾರರ ಮನೆ ನೀರು ಕುಡಿದೋರು ಅಂದ್ರೆ ಇದು," ಎಂದು ಕಾರ್ಯದರ್ಶಿ ಅವನತ್ತ ತಿರುಗಿ ನಕ್ಕ. ಅವನೂ ನಕ್ಕ.

ಮೂವರು ಭಾಷಣ ಮಾಡಿದರು. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಅವನಿಗೆ, ವೇದಿಕೆಯ ಮೇಲೆ ಕೂತಿದ್ದ ಅಮ್ಮನ ಕೈ ಎದೆಯ ಮೇಲೆ ಹೋದದ್ದು ಕಂಡಿತು. ಜೇಬಿಗೆ ಕೈ ಹಾಕಿದ. ಪೆನ್ನು ಸಿಕ್ಕಿತು. ಪಂಪು ಮನೆಯಲ್ಲಿ, ಕಟ್ಟೆಯ ಮೇಲೆ, ಬೋರಲಾಗಿ ಒಣಗುತ್ತಿತ್ತು.

ಕಾರ್ಯದರ್ಶಿ ಮೈಕನ್ನು ಅಮ್ಮನ ಬಾಯಿಯ ಹತ್ತಿರ ತಂದ.

"ಕಿಟಕಿ ತೆಗೀರಿ," ಎಂದಳು. "ಉಸಿರು ಕಟ್ತಿದೆ."

ಇಡೀ ಸಭೆ ಎದ್ದು ನಿಂತಿತು. ಮೇಲಿನ ಗೂಡಿನಲ್ಲಿ ಕೂತಿದ್ದ ಬೆಳಕಿನವನು, ರೂಢಿಯಂತೆ, ದೀಪಗಳನ್ನು ನಿಧಾನವಾಗಿ ಆರಿಸಿದ. ಕತ್ತಲಲ್ಲಿ ಚಪ್ಪಾಳೆ ಮೊಳಗಿತು.

"ಹೇಗೆ ಹೇಳಿದ್ರು ನೋಡಿ. ಯಾವ ನಟಿಗೂ ಹೀಗೆ ಬರಲ್ಲ," ಎಂದು ಅವನ ಹಿಂದೆ ಯಾರೋ ಮೂಗು ಒರೆಸಿಕೊಂಡರು.

ಕಿಟಕಿ ಅವನಿಂದ ನಾಲ್ಕು ಹೆಜ್ಜೆ. ಅವನು ಅಲ್ಲಾಡಲಿಲ್ಲ. ಚಪ್ಪಾಳೆ ನಿಲ್ಲಲಿ ಎಂದು ಕಾದ.

ಅದರ ನಡುವೆ ಮೈಕಿನಲ್ಲಿ ಸಣ್ಣ ದನಿ ಬಂತು. ಆ ಮಾತು ನಾಟಕದಲ್ಲಿರಲಿಲ್ಲ.

"ಮಗೂ, ನೀನಾದ್ರೂ ತೆಗಿಯೋ."